ಗೌಹರ್ ಜಾನ್ ಮತ್ತು ನಮ್ಮೂರ ದುರ್ಯೋಧನ

ಊರಿಗೆ ಹೋದಾಗ ಯಾರಾದರೂ ‘ಬೆಂಗ್ಳೂರಲ್ಲಿ ಏನ್ ಕೆಲ್ಸ ನಿಂದು?’ ಅಂತ ಕೇಳಿದರೆ ‘ಸದ್ದು ತೆಗೆಯೋ ಕೆಲಸ’ ಅಂತೀನಿ. ತಮಾಷೆಗಲ್ಲ, ನಿಜ. ನೀವು ಮನೆಯಿಂದ ಆಫೀಸ್ ಕಾಲ್‌ನಲ್ಲಿ ಮಾತಾಡುವಾಗ ಹಿಂದೆ ಕುಕ್ಕರ್ ಕೂಗಿದರೂ ಆ ಕಡೆಯವರಿಗೆ ಕೇಳಿಸುವುದಿಲ್ಲವಲ್ಲ, ಅಂಥ ಸಾಫ್ಟ್‌ವೇರ್ ಬರೆಯುವ ಒಂದು ತಂಡದ ಮೂಲೆಯಲ್ಲಿ ಕೂತವನು ನಾನು. ಬೇಕಾದ ಧ್ವನಿ ಯಾವುದು, ಬೇಡದ ಗಲಾಟೆ ಯಾವುದು ಅಂತ ಕಂಪ್ಯೂಟರಿಗೆ ಹೇಳಿಕೊಡುವುದು. ಎಂಟು ವರ್ಷದಿಂದ ಇದೇ ಅನ್ನ.

ಈ ಅನ್ನ ಒಮ್ಮೆ ನನ್ನ ಗಂಟಲಿಗೆ ಸಿಕ್ಕಿಹಾಕಿಕೊಂಡಿತು. ಅದಕ್ಕೆ ಕಾರಣ ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಸೋಲೂರಿನ ಸುತ್ತಮುತ್ತ, ಆ ಕಡೆ ನೆಲಮಂಗಲ, ಈ ಕಡೆ ಕುಣಿಗಲ್ ತನಕ, ‘ಕುರುಕ್ಷೇತ್ರ’ ನಾಟಕದಲ್ಲಿ ನಲವತ್ತು ವರ್ಷ ದುರ್ಯೋಧನನ ಪಾತ್ರ ಕಟ್ಟಿದವರು. ನಮ್ಮ ಕಡೆಯ ಪೌರಾಣಿಕ ನಾಟಕ ನೋಡದವರಿಗೆ ಒಂದು ಮಾತು: ಇದು ಮಾತಿನ ನಾಟಕ ಅಲ್ಲ, ಹಾಡಿನ ನಾಟಕ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಹೊತ್ತು ಬಂದು ತಾಲೀಮು ಮಾಡಿಸುತ್ತಾರೆ. ಪಾತ್ರಕ್ಕೆ ಇಷ್ಟು ಅಂತ ಕೈಯಿಂದ ದುಡ್ಡು ಹಾಕಬೇಕು, ದುರ್ಯೋಧನನಿಗೆ ಜಾಸ್ತಿ. ರಾತ್ರಿ ಊಟ ಮುಗಿದ ಮೇಲೆ ಪರದೆ ಎದ್ದರೆ ಇಳಿಯುವುದು ಬೆಳಗಿನ ಜಾವ. ಮೈಕು ಇರುತ್ತಿತ್ತು, ಆದರೆ ರಂಗದ ಮಧ್ಯೆ ಮೇಲಿಂದ ನೇತುಹಾಕಿದ್ದು ಒಂದು. ಅದರ ಕೆಳಗೆ ನಿಂತರೆ ಕೇಳಿಸ್ತು, ಗದೆ ತಿರುಗಿಸುತ್ತಾ ಆಚೆ ಹೋದರೆ ಇಲ್ಲ. ಜನರೇಟರ್ ಕೈಕೊಟ್ಟರೆ ಅದೂ ಇಲ್ಲ. ಅಂಥ ಹೊತ್ತಲ್ಲೂ ದೊಡ್ಡಪ್ಪನ ಕಂದಪದ್ಯ ಕಡ್ಲೆಪುರಿ ಮಾರುವವನ ಗಾಡಿವರೆಗೂ ಮುಟ್ಟುತ್ತಿತ್ತು. ಅದು ಗಟ್ಟಿಯಾಗಿ ಕೂಗುವುದಲ್ಲ. ಬೇರೆ ಏನೋ.

2017ರಲ್ಲಿ ಅವರನ್ನು ಜಗಲಿ ಮೇಲೆ ಕೂರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಹಿಂದೆ ಕೋಳಿ, ಪಕ್ಕದ ಮನೆಯ ಮೋಟರ್, ಹೈವೇ ಕಡೆಯಿಂದ ಲಾರಿ. ಆಫೀಸಿನಲ್ಲಿ ಕಲಿತ ವಿದ್ಯೆಯನ್ನೆಲ್ಲ ಸುರಿದು ಎರಡು ರಾತ್ರಿ ಕೂತು ಕ್ಲೀನ್ ಮಾಡಿದೆ. ಕೋಳಿ ಹೋಯ್ತು, ಮೋಟರ್ ಹೋಯ್ತು, ಲಾರಿ ಹೋಯ್ತು. ಹೆಮ್ಮೆಯಿಂದ ಹೆಡ್‌ಫೋನ್ ಹಾಕಿ ಕೇಳಿಸಿದೆ. ದೊಡ್ಡಪ್ಪ ಪೂರ್ತಿ ಕೇಳಿ, ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡ್ಕೊಂಡು, ‘ಚೆನ್ನಾಗದೆ. ಇದ್ಯಾರ್ಲಾ ಹಾಡಿರೋದು?’ ಅಂದರು.

ಅದಾದ ಮೇಲೆಯೇ ನಾನು ಹಳೇ ಗ್ರಾಮಫೋನ್ ರೆಕಾರ್ಡುಗಳ ಹಿಂದೆ ಬಿದ್ದದ್ದು.

ಮೊದಲು ಸಿಕ್ಕಿದವನು ಇಟಲಿಯ ಟಿಟ್ಟಾ ರುಫೋ. 1877ರಲ್ಲಿ ಪೀಸಾದಲ್ಲಿ ಹುಟ್ಟಿದ ಒಪೆರಾ ಗಾಯಕ, ಬ್ಯಾರಿಟೋನ್. ಅಂದರೆ ಗಂಡು ಧ್ವನಿಗಳಲ್ಲಿ ತೀರಾ ಮೇಲೂ ಅಲ್ಲದ, ತೀರಾ ಕೆಳಗೂ ಅಲ್ಲದ, ಎದೆಯಿಂದ ಬರುವ ಧ್ವನಿ. ಒಪೆರಾದಲ್ಲಿ ಖಳ, ಅಪ್ಪ, ರಾಜ ಇಂಥವರಿಗೆಲ್ಲ ಈ ಧ್ವನಿ. 1914ರ ಜನವರಿಯಲ್ಲಿ ಅವನೂ ಎನ್ರಿಕೊ ಕರುಸೊನೂ ಸೇರಿ ‘ಒಟೆಲ್ಲೊ’ ಒಪೆರಾದ ಪ್ರತಿಜ್ಞೆಯ ಹಾಡನ್ನು ರೆಕಾರ್ಡ್ ಮಾಡಿದ್ದಾರೆ. ಸೇಡು ತೀರಿಸ್ತೀನಿ ಅಂತ ಒಬ್ಬ ಆಣೆ ಮಾಡ್ತಾನೆ, ಅವನನ್ನು ಕಿಚ್ಚೆಬ್ಬಿಸಿದ ಇನ್ನೊಬ್ಬ ಜೊತೆಗೆ ಮಂಡಿಯೂರಿ ತಾನೂ ಆಣೆ ಮಾಡ್ತಾನೆ. ರಾತ್ರಿ ಹನ್ನೊಂದಕ್ಕೆ ಬೆಳ್ಳಂದೂರಿನ ಟ್ರಾಫಿಕ್‌ನಲ್ಲಿ ಕ್ಯಾಬ್ ಒಳಗೆ ಅದನ್ನು ಕೇಳಿ ನಾನು ನೆಟ್ಟಗೆ ಕೂತೆ. ಭಾಷೆ ಒಂದಕ್ಷರ ಅರ್ಥವಾಗಲ್ಲ. ಆದರೆ ಇದು ನಮ್ಮೂರ ರಂಗದ ಮೇಲೆ ಬೆಳಗಿನ ಜಾವ ಮೂರಕ್ಕೆ ಕೇಳಿದ ಧ್ವನಿ. ಮೈಕ್ ನಂಬದವನ ಧ್ವನಿ.

ಇಲ್ಲಿ ತಂತ್ರಜ್ಞಾನದ ನಾಲ್ಕು ಮಾತು ಆಡಲೇಬೇಕು, ಸಹಿಸಿಕೊಳ್ಳಿ. 1925ಕ್ಕೆ ಮುಂಚೆ ಹಾಡು ರೆಕಾರ್ಡ್ ಮಾಡೋಕೆ ಮೈಕ್ರೊಫೋನ್ ಇರಲಿಲ್ಲ, ಕರೆಂಟಿನ ಪಾತ್ರವೇ ಇರಲಿಲ್ಲ. ಗೋಡೆಯಿಂದ ಒಂದು ದೊಡ್ಡ ಕಹಳೆ ಬಾಯಿ ತೆರೆದುಕೊಂಡು ಚಾಚಿರುತ್ತಿತ್ತು. ಗಾಯಕ ಅದರ ಬಾಯಿಗೆ ಮುಖ ಕೊಟ್ಟು ಹಾಡಬೇಕು. ಕಹಳೆಯ ಸಣ್ಣ ತುದಿಯಲ್ಲಿ ಒಂದು ತೆಳು ಪೊರೆ, ಪೊರೆಗೆ ಅಂಟಿದ ಮುಳ್ಳು, ಮುಳ್ಳಿನ ಕೆಳಗೆ ತಿರುಗುವ ಮೇಣದ ತಟ್ಟೆ. ಹಾಡಿದವನ ಉಸಿರಿನ ಬಲವೇ ಮೇಣವನ್ನು ಕೆತ್ತಬೇಕು, ಬೇರೆ ಯಾವ ಶಕ್ತಿಯೂ ಇಲ್ಲ. ತಾರಸ್ಥಾಯಿಗೆ ಹೋದಾಗ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಮುಳ್ಳು ಗೀರಿಬಿಡುತ್ತೆ. ಮೆಲ್ಲಗೆ ಹಾಡುವಾಗ ಕಹಳೆಯೊಳಗೆ ತಲೆ ತೂರಿಸಬೇಕು. ಪಿಟೀಲಿನ ಸದ್ದು ಸಾಲದು ಅಂತ ಪಿಟೀಲಿಗೇ ಒಂದು ಪುಟ್ಟ ಕಹಳೆ ಸಿಕ್ಕಿಸಿದ ವಾದ್ಯವನ್ನೇ ಮಾಡಿಬಿಟ್ಟಿದ್ದರು.

ಇಷ್ಟೆಲ್ಲ ಮಾಡಿದರೂ ಆ ಕಹಳೆ ಹಿಡಿಯುತ್ತಿದ್ದದ್ದು ಹೆಚ್ಚೂಕಡಿಮೆ 250ರಿಂದ 2500 ಹರ್ಟ್ಸ್ ನಡುವಿನ ಸದ್ದನ್ನು ಮಾತ್ರ. ಹಳೇ ಲ್ಯಾಂಡ್‌ಲೈನ್ ಫೋನ್ 300ರಿಂದ 3400ರವರೆಗೆ ಸಾಗಿಸುತ್ತಿತ್ತು. ಅಂದರೆ ಕರುಸೊ, ರುಫೋ ನಮಗೆ ಸಿಗುವುದು ಎಸ್‌ಟಿಡಿ ಬೂತ್‌ಗಿಂತ ಕಡಿಮೆ ಜಾಗದಲ್ಲಿ. ಬ್ಯಾರಿಟೋನ್‌ನ ಕೆಳಸ್ವರಗಳ ಬುಡವೇ ಆ ಜಾಗದೊಳಗೆ ಬರುವುದಿಲ್ಲ. ಆದರೂ ಕೇಳಿಸುತ್ತೆ, ಯಾಕಂದ್ರೆ ಮೇಲಿನ ಅನುರಣನಗಳನ್ನು ಹಿಡಿದು ಬುಡವನ್ನು ನಮ್ಮ ಮೆದುಳೇ ಕಟ್ಟಿಕೊಳ್ಳುತ್ತೆ. ಹಾಸ್ಟೆಲಿನಿಂದ ಎಸ್‌ಟಿಡಿ ಮಾಡಿದಾಗ ಅಮ್ಮ ‘ಹಲೋ’ ಅನ್ನೋ ಮೊದಲೇ, ಬರೀ ಉಸಿರಿನಲ್ಲೇ, ಇವತ್ತು ಮನೇಲಿ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತಿರಲಿಲ್ಲವೇ? ಅಷ್ಟೇ ಜಾಗ ಅದಕ್ಕೆ ಸಾಕಾಗಿತ್ತು.

ರುಫೋನಿಂದ ಹಿಂದೆ ಹಿಂದೆ ಹೋಗುತ್ತಾ ಸಿಕ್ಕಿದವನು ಫ್ರೆಡ್ ಗೈಸ್‌ಬರ್ಗ್. ಲಂಡನ್ನಿನ ಗ್ರಾಮಫೋನ್ ಕಂಪನಿಗೆ ದುಡಿಯುತ್ತಿದ್ದ ಅಮೆರಿಕದ ಹುಡುಗ, ಇವತ್ತಿನ ಲೆಕ್ಕದಲ್ಲಿ ಫೀಲ್ಡ್ ಎಂಜಿನಿಯರ್. 1902ರ ಏಪ್ರಿಲ್‌ನಲ್ಲಿ ಮಿಲಾನ್‌ನ ಹೋಟೆಲ್ ರೂಮಿನಲ್ಲಿ ಕರುಸೊನ ಮೊದಲ ಹತ್ತು ಹಾಡು ಹಿಡಿದವನು ಅವನೇ. ಅದೇ ವರ್ಷ ನವೆಂಬರ್‌ನಲ್ಲಿ ಅದೇ ಕಹಳೆ, ಮೇಣ, ಸಾಮಾನುಗಳನ್ನು ಹಡಗಿಗೆ ಹಾಕಿಕೊಂಡು ಕಲ್ಕತ್ತಕ್ಕೆ ಬಂದು ಇನ್ನೊಂದು ಹೋಟೆಲ್ ರೂಮಿನಲ್ಲಿ ಇಟ್ಟ. ಅದರ ಮುಂದೆ ಬಂದು ನಿಂತವಳು ಗೌಹರ್ ಜಾನ್.

ಗೌಹರ್ ಜಾನ್ ಕಥೆ ನಿಮಗೆ ಗೊತ್ತಿರಬಹುದು, ಗೊತ್ತಿರುವುದೇ ಸಮಸ್ಯೆ. 1873ರಲ್ಲಿ ಆಜಂಗಢದಲ್ಲಿ ಆಂಜಲೀನಾ ಯೋವರ್ಡ್ ಆಗಿ ಹುಟ್ಟಿದ್ದು, ಆರ್ಮೇನಿಯನ್ ಮೂಲ, ತಾಯಿ ಮಲ್ಕಾ ಜಾನ್, ರೆಕಾರ್ಡಿಂಗಿಗೆ ಮೂರು ಸಾವಿರ ರೂಪಾಯಿ ಕೇಳಿದ್ದು, ಒಮ್ಮೆ ಹಾಕಿದ ಒಡವೆ ಮತ್ತೆ ಹಾಕುತ್ತಿರಲಿಲ್ಲವಂತೆ, ಬೆಕ್ಕು ಮರಿ ಹಾಕಿದ್ದಕ್ಕೆ ಊರಿಗೆ ಊಟ ಹಾಕಿಸಿದಳಂತೆ, ಬೆಂಕಿಪೊಟ್ಟಣದ ಮೇಲೆ ಅವಳ ಚಿತ್ರ. ‘ಭಾರತದ ಮೊದಲ ರೆಕಾರ್ಡಿಂಗ್ ಸೂಪರ್‌ಸ್ಟಾರ್’. ವಾಟ್ಸಾಪ್ ಗ್ರೂಪಿನಲ್ಲಿ ವರ್ಷಕ್ಕೊಮ್ಮೆ ಬರುವ ಪೋಸ್ಟ್. ವಿಕ್ರಮ್ ಸಂಪತ್ ಆಕೆಯ ಬಗ್ಗೆ 2010ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಬರೆದರು, ಅದು ನಿಜಕ್ಕೂ ಓದಬೇಕಾದ್ದು. ಆದರೆ ಈ ಪೋಸ್ಟುಗಳನ್ನು ಹಂಚುವವರಲ್ಲಿ ಎಷ್ಟು ಜನ ಮೂರು ನಿಮಿಷ ಕೂತು ಹಾಡು ಕೇಳಿದ್ದಾರೆ? ನಮ್ಮ ಟೀಮ್‌ನಲ್ಲಿ ವಿಚಾರಿಸಿದೆ. ಕಥೆ ಹತ್ತರಲ್ಲಿ ಆರು ಜನಕ್ಕೆ ಗೊತ್ತು. ಹಾಡು ಒಬ್ಬನೂ ಪೂರ್ತಿ ಕೇಳಿಲ್ಲ. ‘ಸೌಂಡ್ ಕ್ವಾಲಿಟಿ ಸರಿಯಿಲ್ಲ ಗುರೂ’.

ಕೇಳಿದವರೂ ಒಂದು ರಿಯಾಯಿತಿ ಕೊಟ್ಟು ಕೇಳುತ್ತಾರೆ. ಪಾಪ, ಎಂಥ ದೊಡ್ಡ ಗಾಯಕಿ, ಮೂರು ನಿಮಿಷದ ತಟ್ಟೆಗೆ ಸಿಕ್ಕಿಹಾಕಿಕೊಂಡಳು, ನಮಗೆ ಉಳಿದದ್ದು ಚೂರು ಪಾರು ಅಂತ. ನಾನೂ ಹಾಗೇ ಶುರು ಮಾಡಿದ್ದೆ. ಈಗ ಆ ಮಾತನ್ನು ಒಪ್ಪಲ್ಲ. ಆಕೆಯ ಒಳ್ಳೆಯ ರೆಕಾರ್ಡುಗಳು ದೊಡ್ಡ ಕಛೇರಿಯ ಚೂರುಗಳಲ್ಲ. ಕಹಳೆಗಾಗಿಯೇ, ಮೂರು ನಿಮಿಷಕ್ಕಾಗಿಯೇ ಕಟ್ಟಿದ ಪೂರ್ತಿ ಕೃತಿಗಳು.

ಭೈರವಿಯ ಠುಮ್ರಿಗಳನ್ನು ತಗೊಳ್ಳಿ. ಮೆಹಫಿಲ್‌ನಲ್ಲಿ ಒಂದು ಠುಮ್ರಿಯನ್ನು ಅರ್ಧ ಗಂಟೆ, ಮನಸ್ಸಿದ್ದರೆ ಇನ್ನೂ ಹೆಚ್ಚು ಹೊತ್ತು ಎಳೆಯಬಹುದು. ಇಲ್ಲಿ ಆಲಾಪನೆಗೆ ಪುರುಸೊತ್ತಿಲ್ಲ. ಹಾರ್ಮೋನಿಯಂ ಎರಡು ಉಸಿರು ಎಳೆಯುವಷ್ಟರಲ್ಲಿ ಆಕೆ ಸಾಹಿತ್ಯದ ಮಧ್ಯದಲ್ಲಿರುತ್ತಾಳೆ. ಒಂದೇ ಪದವನ್ನು ಮೂರು ಸಲ ಹೇಳುತ್ತಾಳೆ: ಒಮ್ಮೆ ಸುಮ್ಮನೆ ಹೇಳಿದ ಹಾಗೆ, ಒಮ್ಮೆ ದೂರಿದ ಹಾಗೆ, ಒಮ್ಮೆ ನಗುತ್ತಾ. ಅರ್ಧ ಗಂಟೆಯ ವಿಸ್ತಾರ ಆ ಮೂರು ಸಲದೊಳಗೆ ಮಡಚಿಕೊಂಡು ಕೂತಿದೆ. ಮಧ್ಯೆ ಎಲ್ಲೋ ಚಕ್ಕನೆ ಒಂದು ತಾನ್, ಪಟಾಕಿ ಸರದ ಹಾಗೆ, ಆದರೆ ಒಂದೊಂದು ಸ್ವರವೂ ಬಿಡಿಬಿಡಿ. ಗಮಕ ಹೆಚ್ಚಿ ಉಜ್ಜಿದರೆ ಮೇಣದ ಮೇಲೆ ಮಸಿಯಾಗುತ್ತೆ ಅನ್ನೋದು ಅವಳಿಗೆ ಮೊದಲ ದಿನದಲ್ಲೇ ಗೊತ್ತಾಗಿಬಿಟ್ಟಿತ್ತೇನೋ ಅನ್ನುವಷ್ಟು ಸ್ಪಷ್ಟ. ತಟ್ಟೆ ಇನ್ನೇನು ಮುಗಿಯಿತು ಅನ್ನುವಾಗ ಹಾಡನ್ನು ಇಳಿಸಿ, ಎತ್ತರದ ಧ್ವನಿಯಲ್ಲಿ, ತುಂಟ ಹುಡುಗಿಯ ಹಾಗೆ ಇಂಗ್ಲಿಷಿನಲ್ಲಿ ಕೂಗುತ್ತಾಳೆ: ‘ಮೈ ನೇಮ್ ಈಸ್ ಗೌಹರ್ ಜಾನ್!’

ಆ ಕೂಗು ಷೋಕಿಗಲ್ಲ. ಮೇಣದ ತಟ್ಟೆಗಳು ಅಚ್ಚಾಗಲು ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿದ್ದವು. ಕಲ್ಕತ್ತದ ಸಿಯಾಲ್ದಾದಲ್ಲಿ ಕಾರ್ಖಾನೆ ಬಂದದ್ದು 1908ರಲ್ಲಿ. ಹ್ಯಾನೋವರ್‌ನ ಕೆಲಸಗಾರನಿಗೆ ಠುಮ್ರಿ ಯಾವುದು, ಹಾಡಿದವರು ಯಾರು ಹೇಗೆ ಗೊತ್ತಾಗಬೇಕು? ಅದಕ್ಕೆ ಹಾಡಿನ ಕೊನೆಗೆ ಹೆಸರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಫೈಲಿನೊಳಗೇ ಸೇರಿಸಿದ ಮೆಟಾಡೇಟಾ. ಆದರೆ ಮೆಟಾಡೇಟಾವನ್ನು ಇಷ್ಟು ಖುಷಿಯಿಂದ ಬರೆದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ರುಫೋನ ಜೊತೆ ಇಟ್ಟು ಕೇಳಿದರೆ ವ್ಯತ್ಯಾಸ ಕಾಣುತ್ತೆ. ರುಫೋ ಕಹಳೆಯನ್ನು ಒಂದು ಥಿಯೇಟರ್ ಅಂದುಕೊಂಡಿದ್ದಾನೆ. ಸಾವಿರಾರು ಜನರ ಮೇಲೆ ಬಿಡುವ ಧ್ವನಿಯನ್ನು ಆ ಪುಟ್ಟ ಪೊರೆಯ ಮೇಲೆ ಬಿಡುತ್ತಾನೆ. ಪೊರೆ ನಡುಗುವುದು ನಮಗೆ ಕೇಳಿಸುತ್ತೆ, ಅದೇ ಅದರ ಮಜಾ. ಗೌಹರ್ ಜಾನ್ ಹಾಗಲ್ಲ, ಕಹಳೆಯ ಜೊತೆ ವ್ಯವಹಾರ ಕುದುರಿಸುತ್ತಾಳೆ. ನೀನು ಇಷ್ಟು ಹಿಡೀತೀಯಾ, ಸರಿ, ಅಷ್ಟೇ ಕೊಡ್ತೀನಿ, ಆದರೆ ಅದರಲ್ಲೇ ಎಲ್ಲಾ ಕೊಡ್ತೀನಿ. ಈ ಚೌಕಾಸಿಯೇ ನನಗೆ ದೊಡ್ಡದಾಗಿ ಕಾಣುತ್ತೆ.

ಎಲ್ಲ ರೆಕಾರ್ಡೂ ಚಿನ್ನ ಅಂತ ಹೇಳುತ್ತಿಲ್ಲ. 1902ರಿಂದ 1920ರ ನಡುವೆ ಸುಮಾರು 600 ರೆಕಾರ್ಡು, ಹತ್ತಕ್ಕೂ ಹೆಚ್ಚು ಭಾಷೆ. ಅಷ್ಟರಲ್ಲಿ ಜೊಳ್ಳು ಇಲ್ಲದೇ ಇರುತ್ತದೆಯೇ. ನನ್ನ ಕಿವಿಗೆ ಆಕೆಯ ಖಯಾಲ್‌ಗಳು ಠುಮ್ರಿ ದಾದ್ರಾಗಳಷ್ಟು ನಿಲ್ಲುವುದಿಲ್ಲ. ಖಯಾಲ್ ಅನ್ನೋದು ನಿಧಾನವಾಗಿ ನೀರು ಕುಡಿಯುವ ಬೆಳೆ, ಮೂರು ನಿಮಿಷಕ್ಕೆ ಹಿಂಡಿದರೆ ಬರೀ ತಾನ್‌ಗಳ ಪ್ರದರ್ಶನ ಉಳಿಯುತ್ತೆ. ಭಾಷೆ ಗೊತ್ತಿಲ್ಲದೆ ಬಾಯಿಪಾಠ ಮಾಡಿ ಹಾಡಿದ ಹಾಗಿರುವ ಕೆಲವು ಇವೆ, ಅವನ್ನು ಕುತೂಹಲಕ್ಕೆ ಒಮ್ಮೆ ಕೇಳಬಹುದು. ಮಾರ್ಕೆಟ್ ಕೇಳ್ತು, ಕೊಟ್ಟಳು. ದಾದ್ರಾಗಳಲ್ಲಿ ಮಾತ್ರ ಆಕೆಯನ್ನು ಮೀರಿಸೋದು ಕಷ್ಟ. ಅಲ್ಲಿ ತಾಳವೇ ಓಡುತ್ತಿರುತ್ತೆ, ಮೂರು ನಿಮಿಷ ಅನ್ನೋದು ಕಟ್ಟಳೆ ಅಂತ ಅನ್ನಿಸುವುದೇ ಇಲ್ಲ.

ಈಗ ನನ್ನ ಕಸುಬಿನ ವಿಷಯಕ್ಕೆ ಬರ್ತೀನಿ. ಇವತ್ತು ಆಕೆಯ ಹೆಸರು ಹುಡುಕಿದರೆ ಮೂಲ ತಟ್ಟೆಯ ಸದ್ದಿಗಿಂತ ಮೊದಲು ಸಿಗುವುದು ‘ಕ್ಲೀನ್’ ಮಾಡಿದ್ದು, ‘ರೀಮಾಸ್ಟರ್’ ಮಾಡಿದ್ದು, ಅದಕ್ಕೊಂದು ಪ್ರತಿಧ್ವನಿ ಸೇರಿಸಿ ಗುಹೆಯಲ್ಲಿ ಹಾಡಿಸಿದ್ದು. ಸೊರಸೊರ ಸದ್ದು ಹೋಗಿರುತ್ತೆ, ನಿಜ. ಜೊತೆಗೆ ಏನು ಹೋಗಿರುತ್ತೆ ಅನ್ನೋದು ಎಂಟು ವರ್ಷ ಇದೇ ಕೆಲಸ ಮಾಡಿದ ನನಗೆ ಗೊತ್ತಾಗುತ್ತೆ. ಸ, ಶ, ಖ, ಛ ಇಂಥ ಅಕ್ಷರಗಳ ಗಾಳಿ ಇರುವುದು ಮೇಲಿನ ಕಂಪನಗಳಲ್ಲಿ. ತಟ್ಟೆಯ ಸೊರಸೊರವೂ ಅಲ್ಲೇ. ಇಬ್ಬರೂ ಒಂದೇ ವಠಾರದ ಬಾಡಿಗೆದಾರರು. ಕಹಳೆ ಆ ಅಕ್ಷರಗಳನ್ನು ಹಿಡಿದದ್ದೇ ಒಂದು ಚಿಟಿಕೆ. ಸಾಫ್ಟ್‌ವೇರ್ ಬಂದು ವಠಾರ ಖಾಲಿ ಮಾಡಿಸಿದಾಗ ಆ ಚಿಟಿಕೆಯೂ ಹೋಗುತ್ತೆ. ಆಮೇಲೆ ಉಳಿಯುವುದು ನೀರೊಳಗಿಂದ ಬಂದ ಹಾಗಿನ, ಅಂಚಿಲ್ಲದ ಒಂದು ಧ್ವನಿ. ಸಾರಂಗಿ ಮತ್ತು ಗಾಯಕಿ ಒಂದಕ್ಕೊಂದು ಅಂಟಿಕೊಳ್ಳುತ್ತಾರೆ. ಉಸಿರು ತೆಗೆದುಕೊಳ್ಳುವ ಜಾಗ ಮಾಯವಾಗುತ್ತೆ. ನನ್ನ ದೊಡ್ಡಪ್ಪನಿಗೆ ನಾನು ಮಾಡಿದ್ದು ಅಕ್ಷರಶಃ ಇದೇ. ಕಾಲ್‌ಗಳಲ್ಲಿ ಇದು ನಡೆಯುತ್ತೆ, ಮೀಟಿಂಗ್‌ನಲ್ಲಿ ಮ್ಯಾನೇಜರ್‌ನ ಉಸಿರು ಯಾರಿಗೆ ಬೇಕು. ಹಾಡಿಗೆ ನಡೆಯಲ್ಲ.

ಎರಡನೇ ತೊಂದರೆ ವೇಗದ್ದು. ಎಲ್ಲರೂ ‘78’ ಅಂತಾರೆ, ನಿಮಿಷಕ್ಕೆ 78 ಸುತ್ತು. ಆದರೆ ಆ ಕಾಲದಲ್ಲಿ ವೇಗ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ, 70ರ ಆಸುಪಾಸಿನಿಂದ 80 ದಾಟಿಯೂ ತಿರುಗಿಸಿ ಕೆತ್ತುತ್ತಿದ್ದರು. 74ರಲ್ಲಿ ಕೆತ್ತಿದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಏರುತ್ತೆ, ಹಾಡೂ ಓಡುತ್ತೆ. ಅದನ್ನು ಕೇಳಿ ‘ಆ ಕಾಲದಲ್ಲಿ ಹಿಂಗೆ ಕೀರಲು ಧ್ವನೀಲಿ, ಗಡಿಬಿಡೀಲಿ ಹಾಡ್ತಿದ್ರು’ ಅಂತ ನಾವು ತೀರ್ಪು ಕೊಡ್ತೀವಿ. ನಾನು ಒಂದು ದಾದ್ರಾವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಸ್ವಲ್ಪ ಸ್ವಲ್ಪ ನಿಧಾನ ಮಾಡುತ್ತಾ ಹೋದೆ. ಹಿಂದೆ ನುಡಿಯುವ ಹಾರ್ಮೋನಿಯಂನ ಮನೆಗಳು ನಿಜವಾದ ಮನೆಗಳಿಗೆ ಬಂದು ಕೂರುವ ತನಕ. ಅಲ್ಲಿ ಒಬ್ಬ ಬೇರೆ ಹೆಂಗಸು ಹಾಡುತ್ತಿದ್ದಳು. ಮೂವತ್ತರ ಆಸುಪಾಸಿನ, ಎದೆಯಿಂದ ಹಾಡುವ, ಯಾವ ಅವಸರವೂ ಇಲ್ಲದವಳು. ಕೀರಲು ಅಂದಿದ್ದು ಅವಳದ್ದಲ್ಲ, ನಮ್ಮ ಅಪ್‌ಲೋಡಿನದು.

ಹಾಗಾದರೆ ಸೊರಸೊರವನ್ನು ಏನು ಮಾಡೋದು? ಕೇಳೋದು. ಮೊದಲ ಅರ್ಧ ನಿಮಿಷ ಅದೇ ಕಾಣಿಸುತ್ತೆ, ಆಮೇಲೆ ಮಳೆ ಬರುವಾಗ ಹಂಚಿನ ಮನೇಲಿ ಕೂತು ಮಾತಾಡಿದ ಹಾಗೆ, ಮಾತಷ್ಟೇ ಕೇಳಿಸುತ್ತೆ. ಹೆಡ್‌ಫೋನ್ ಕೂಡ ಬೇಡ, ಸಾಧಾರಣ ಸ್ಪೀಕರ್ ಸಾಕು, ಕೋಣೆಯ ಆ ತುದಿಯಲ್ಲಿಡಿ. ಇವು ಕಿವಿಯೊಳಗೆ ಹಾಡಲು ಮಾಡಿದ ತಟ್ಟೆಗಳಲ್ಲ. ಕೋಣೆಯ ಇನ್ನೊಂದು ಮೂಲೆಯಿಂದ ಕಹಳೆ ನಿಮ್ಮನ್ನು ಕರೆಯಬೇಕು ಅಂತ ಮಾಡಿದವು.

ಅಂದಹಾಗೆ ಆ ಸೊರಸೊರ ಬರುವುದು ಬಹುಮಟ್ಟಿಗೆ ಅರಗಿನಲ್ಲಿ ಬೆರೆಸಿದ ಕಲ್ಲಿನ ಪುಡಿಯಿಂದ. ಗ್ರಾಮಫೋನ್ ತಟ್ಟೆಯಲ್ಲಿ ಕಲ್ಲಿನ ಪುಡಿಯನ್ನು ಹಿಡಿದು ನಿಲ್ಲಿಸುತ್ತಿದ್ದ ಅಂಟು ಅರಗು, ಅದು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದ ಕಾಡುಗಳಿಂದ. ಮರದ ಹುಳ ಸುರಿಸಿದ ಅಂಟು ಜರ್ಮನಿಗೆ ಹೋಗಿ ಗೌಹರ್ ಜಾನ್ ಆಗಿ ವಾಪಸ್ ಬರುತ್ತಿತ್ತು. ಇದನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು ನಕ್ಕದ್ದು ಬೇರೆ ಕಾರಣಕ್ಕೆ: ‘ಅರಗಿನ ಮನೆ ಕಟ್ಸಿದ್ದು ನಾನೇ ಅಲ್ವೇನ್ಲಾ.’ ವೇಷ ಕಳಚಿ ಹತ್ತು ವರ್ಷವಾದರೂ ದುರ್ಯೋಧನನ ಬಗ್ಗೆ ಅವರು ‘ನಾನು’ ಅಂತಲೇ ಮಾತಾಡೋದು.

ಗೌಹರ್ ಜಾನ್ ನಮ್ಮ ಕಡೆಗೂ ಬಂದಿದ್ದಳು ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಕೋರ್ಟು ಕೇಸು, ಕೈಬಿಟ್ಟ ಜನ, ಕರಗಿದ ದುಡ್ಡು ಎಲ್ಲ ಆದ ಮೇಲೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಮೈಸೂರಿಗೆ ಕರೆಸಿ ಅರಮನೆಯ ಗಾಯಕಿಯಾಗಿ ನೇಮಿಸಿಕೊಂಡರು. ತಿಂಗಳಿಗೆ 500 ರೂಪಾಯಿ, ಇರಲು ದಿಲ್‌ಖುಷ್ ಕಾಟೇಜ್. ಒಂದೂವರೆ ವರ್ಷವೂ ತುಂಬಲಿಲ್ಲ. 1930ರ ಜನವರಿ 17ರಂದು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಕಹಳೆಯ ಕಾಲ ಮುಗಿದು ಮೈಕ್ರೊಫೋನ್ ಬಂದಾಗಿತ್ತು. ಪಿಸುಗುಟ್ಟಿದರೂ ಹಿಡಿಯುವ ಯಂತ್ರ. ನಮಗೆ ಸಿಕ್ಕಿರುವ ಗೌಹರ್ ಜಾನ್ ಮಾತ್ರ ಕಹಳೆಯ ಮುಂದೆ ನಿಂತವಳು. ಅದೇ ಅರಮನೆಯ ಮುಂದಿನ ಒಡೆಯರು ಜಯಚಾಮರಾಜೇಂದ್ರರು 1940ರ ದಶಕದಲ್ಲಿ ಲಂಡನ್ನಿನಲ್ಲಿದ್ದ ರಷ್ಯದ ಸಂಗೀತಗಾರ ಮೆಟ್ನರ್‌ನ ಕೃತಿಗಳನ್ನು ರೆಕಾರ್ಡ್ ಮಾಡಿಸಲು ತಮ್ಮ ದುಡ್ಡು ಕೊಟ್ಟರು. ಮನಸ್ಸಿಗೆ ಒಂದು ಚೂರು ಕಸಿವಿಸಿ ಆಗುತ್ತೆ. ಐವತ್ತೈದು ದಾಟಿದ, ಸೋತ, ಮೈಸೂರಿನ ಚಳಿಗಾಲದ ಆ ಧ್ವನಿ ಮೈಕ್ರೊಫೋನಿನ ಮುಂದೆ ಹೇಗೆ ಕೇಳುತ್ತಿತ್ತೋ. ಹೆಸರನ್ನು ಅಷ್ಟೇ ಎತ್ತರದಲ್ಲಿ ಕೂಗುತ್ತಿದ್ದಳೋ ಇಲ್ಲವೋ.

ಕಳೆದ ಯುಗಾದಿಗೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಆ ದಾದ್ರಾ ಕೇಳಿಸಿದೆ. ಕ್ಲೀನ್ ಮಾಡದ್ದು, ವೇಗ ಮಾತ್ರ ಸರಿಮಾಡಿದ್ದು. ಯಾರು ಏನು ಅಂತ ಹೇಳಲಿಲ್ಲ. ಬೇವು ಬೆಲ್ಲದ ತಟ್ಟೆ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿಕೊಂಡು ಕೇಳಿದರು. ಹಿಂದಿ ಬರಲ್ಲ, ರಾಗದ ಹೆಸರು ಗೊತ್ತಿಲ್ಲ, ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟ ಮಟ್ಟು ಗೊತ್ತು ಅಷ್ಟೇ. ಮುಗಿದ ಮೇಲೆ ಹೇಳಿದ ಮೊದಲ ಮಾತು: ‘ಈ ಯಮ್ಮ ಮೈಕ್ ಇಲ್ದೆ ಹಾಡವ್ಳೆ ಕಣ್ಲಾ.’

ಹೇಗೆ ಗೊತ್ತಾಯ್ತು ಅಂತ ಕೇಳಿದೆ. ‘ಪದದ ಕೊನೇನ ಬಿಡಾಕಿಲ್ಲ ನೋಡು. ಮೈಕ್ ಇದ್ದೋರು ಕೊನೇಲಿ ಸೋರಿಸ್ತಾರೆ. ಹಿಂದ್ಗಡೆ ಕೂತೋನ್ಗೆ ಕೊನೇ ಅಕ್ಷರನೇ ಮೊದ್ಲು ತಪ್ಪೋದು. ಅದುಕ್ಕೆ ಅಲ್ಲೇ ಒತ್ಬೇಕು. ನಮ್ ಮೇಷ್ಟ್ರು ಅದುಕ್ಕೇ ಹೊಡೀತಿದ್ರು.’

ನಾನು ಎರಡು ವರ್ಷ ಸ್ಪೆಕ್ಟ್ರೋಗ್ರಾಮ್ ನೋಡಿ ಗಮನಿಸದೇ ಇದ್ದದ್ದು ಇದು. ಮತ್ತೆ ಹಾಕಿ ನೋಡಿದೆ. ಹೌದು, ಪ್ರತಿ ಸಾಲಿನ ಕೊನೆಯ ಅಕ್ಷರದಲ್ಲಿ ಒಂದು ಸಣ್ಣ ಒತ್ತು, ಬಾಗಿಲು ಹಾಕಿ ಚಿಲಕ ಜಡಿದ ಹಾಗೆ. ರುಫೋನಲ್ಲೂ ಇದೆ. ಕ್ಲೀನ್ ಮಾಡಿದವುಗಳಲ್ಲಿ ಮೊದಲು ಸವೆದುಹೋಗಿರುವುದೂ ಅದೇ ಜಾಗ.

‘ಕೊನೇಲಿ ಅದೇನ್ಲಾ ಕೂಗ್ತಾಳೆ?’ ಅಂದರು. ಹೆಸರು ಹೇಳ್ತಾಳೆ, ಜರ್ಮನಿಯವರಿಗೆ ಗೊತ್ತಾಗಲಿ ಅಂತ, ಅಂದೆ. ಎಷ್ಟು ಹೊತ್ತು ಹಾಡಬಹುದಿತ್ತು ಅಂತ ಕೇಳಿದರು. ಮೂರು ನಿಮಿಷ. ‘ಮೂರ್ ನಿಮಿಷಾನಾ? ಅಷ್ಟ್ರಲ್ಲಿ ನಾನು ಗದೆ ಎತ್ತಾಕೂ ಆಗಾಕಿಲ್ಲ’ ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಎಲ್ಲಿ, ಇಡು ನಿನ್ ಫೋನ್ನ. ಅಷ್ಟ್ ದೂರದಲ್ಲಿಡು’ ಅಂತ ಜಗಲಿಯ ಆ ತುದಿ ತೋರಿಸಿದರು. ಎದ್ದು ನಿಂತರು. ಎಪ್ಪತ್ತನಾಲ್ಕು ವರ್ಷ, ಮಂಡಿ ನೋವು, ಎರಡು ಪದ್ಯ. ಎರಡನೆಯದರಲ್ಲಿ ಒಂದು ಕಡೆ ಉಸಿರು ಸಾಲದೆ ನಿಂತರು, ಮತ್ತೆ ಹಿಡಿದರು. ಮುಗಿಸಿ, ಫೋನ್ ಕಡೆ ಕೈ ತೋರಿಸುತ್ತಾ, ದುರ್ಯೋಧನನ ಗತ್ತಿನಲ್ಲೇ, ತಮ್ಮ ಹೆಸರು, ಅಪ್ಪನ ಹೆಸರು, ‘ಸೋಲೂರು ಹೋಬಳಿ, ಮಾಗಡಿ ತಾಲ್ಲೂಕು’ ಅಂತ ಘೋಷಿಸಿ, ನನ್ನ ಕಡೆ ತಿರುಗಿ ‘ಬಂತೇನ್ಲಾ?’ ಅಂದರು.

ಬಂದಿದೆ. ಫೈಲು 3 ನಿಮಿಷ 40 ಸೆಕೆಂಡ್ ಇದೆ. ಒಳಗೆ ದೊಡ್ಡಮ್ಮನ ಕುಕ್ಕರ್ ನಾಲ್ಕು ಸಲ ಕೂಗಿದೆ, ಕೊನೆಯ ವಿಷಲ್ ಸರಿಯಾಗಿ ಹೋಬಳಿಯ ಹೆಸರಿನ ಮೇಲೆ ಬಂದು ಬಿದ್ದಿದೆ. ತೆಗೆದಿಲ್ಲ.